ಉಸಿರಿದ್ದಾಗಲೇ ಊರಿಗೆ

ಗೋವಾದ ಫಾತೋರ್ಡಾದಲ್ಲಿ ನಾವು ಬಾಡಿಗೆಗಿದ್ದ ಸಾಲುಕೋಣೆಗಳಲ್ಲಿ ಮುದುಕರು ಸಾಯುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಅಲ್ಲಿದ್ದೆ. ಆ ಅವಧಿಯಲ್ಲಿ ಹಲವರು ಕಾಯಿಲೆ ಬಿದ್ದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಉಸಿರಿದ್ದಾಗಲೇ ಬಿಜಾಪುರದ ಕಡೆಯ ಬಸ್ಸು ಹತ್ತಿ, ಊರಿನಲ್ಲೇ ಸತ್ತರು. ಆ ಒಬ್ಬರು ನನ್ನ ದೊಡ್ಡವ್ವ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ನಮಗೆ ಗೊತ್ತಿದ್ದ ಮಟ್ಟಿಗೆ ಅಲ್ಲಿ ಹಿಂದೂಗಳಿಗೆ ಇದ್ದದ್ದು ಚಿತೆಯ ಕಟ್ಟೆ, ಕ್ರೈಸ್ತರಿಗೆ ಇಗರ್ಜಿಯ ನೆಲ. ನಮಗೆ ಮಣ್ಣು ಕೊಡುವ ಜಾಗ ಯಾವುದೂ ಇರಲಿಲ್ಲ. ಹೆಣವನ್ನು ಗಡಿ ದಾಟಿಸುವುದು ಕೂಲಿಯವರ ಕೈಲಾಗದ ಕೆಲಸ. ಹಾಗಾಗಿ ಡಾಕ್ಟರು ತಲೆ ಅಲ್ಲಾಡಿಸಿದ ಮರುದಿನವೇ ಟಿಕೆಟ್ ತೆಗೆಸುತ್ತಿದ್ದರು. ಅದನ್ನು ಯಾರೂ ಕ್ರೂರವೆಂದು ತಿಳಿದಿರಲಿಲ್ಲ. ಮಕ್ಕಳು ಮಾಡಬೇಕಾದ ಕರ್ತವ್ಯ ಅದು.

ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕ ಗೌಂಡಿಯಿದ್ದ. ಮಡಗಾಂವದ ಅರ್ಧ ಗೋಡೆಗಳನ್ನು ತಾನೇ ಕಟ್ಟಿದ್ದೆಂದು ಹೇಳಿಕೊಳ್ಳುತ್ತಿದ್ದ.

"ಗ್ವಾದಾಗ ದುಡಿಯಾಕ ಜಾಗಾ ಐತಿ, ಸಾಯಾಕಿಲ್ಲ. ನಾ ಕಟ್ಟಿದ್ದ ಮನಿ ಎಷ್ಟ ಅದಾವ, ಒಂದರಾಗೂ ನನ್ನ ಹೆಣಾ ಇಡಾಕ ಬಿಡಂಗಿಲ್ಲ ನೋಡು" ಎನ್ನುತ್ತಿದ್ದ.

"ನಿನ್ನ ಹೆಣಾ ಇಟ್ರ ಗ್ವಾಡಿ ಬಿರುಕ ಬಿಡ್ತಾವ, ಸುಮ್ನ ಕುಂಡ್ರೋ ಮಾರಾಯಾ" ಎಂದು ದೊಡ್ಡವ್ವ ಒಳಗಿನಿಂದಲೇ ಕೂಗುತ್ತಿದ್ದಳು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ತಾಯಿ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅವಳೇ. ಮೊಣಕಾಲಲ್ಲಿ ಶಕ್ತಿ ಇರುವವರೆಗೆ ಕಟ್ಟಡಗಳಲ್ಲಿ ಗಿಲಾವಿನ ಬುಟ್ಟಿ ಹೊತ್ತಳು. ಆಮೇಲೆ ನನಗೂ ಮಗನಿಗೂ ಅಡುಗೆ ಮಾಡಿಕೊಂಡು ಕೋಣೆಯಲ್ಲಿದ್ದಳು. ಅವಳ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವನು ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದ. ನಾನು ಮಡಗಾಂವದ ಒಂದು ಬಟ್ಟೆ ಅಂಗಡಿಯಲ್ಲಿದ್ದೆ. ಅಲ್ಲಿ ಕೊಂಕಣಿ ಕಲಿತಿದ್ದರಿಂದ ಸಾಲಿನ ಯಾರಿಗೆ ಆಸ್ಪತ್ರೆಯ ಕೆಲಸ ಬಿದ್ದರೂ ಜೊತೆಗೆ ನಾನೇ ಹೋಗುತ್ತಿದ್ದೆ.

ಅವಳ ಗಲ್ಲದ ಒಳಗೆ ಒಂದು ಹುಣ್ಣಾಯಿತು. ಊರಿನಿಂದ ಬರುತ್ತಿದ್ದ ಕಡಕ್ ರೊಟ್ಟಿಯ ಮೇಲೆ ಅವಳು ಅನುಮಾನಪಟ್ಟಳು. "ಈ ಸಲದ ರೊಟ್ಟಿ ಭಾಳ ಕಡಕ ಬಂದಾವ, ಗಲ್ಲಾ ಕೆತ್ತ್ಯಾವ" ಎಂದಳು. ನಾವೂ ಒಪ್ಪಿಕೊಂಡೆವು. ಮಳೆಗಾಲವೆಲ್ಲ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿಂದಳು. ತಂಬಾಕು, ಸುಣ್ಣ ಮಾತ್ರ ಬಿಡಲಿಲ್ಲ. ಇನ್ನೊಂದು ಗಲ್ಲಕ್ಕೆ ಬದಲಿಸಿದಳು. ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದಾಗ ಆಸ್ಪತ್ರೆಗೆ ಹೋದೆವು.

ಹುಣ್ಣಿನ ತುಣುಕು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್, ಬಹಳ ತಡವಾಗಿದೆ, ಕತ್ತರಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಕೊಂಕಣಿಯಲ್ಲಿ ನನಗೆ ಹೇಳಿದರು. ಆಮೇಲೆ, ನಿಮ್ಮ ಸಾಲಿನಲ್ಲಿ ಇದೇ ಕಾಯಿಲೆಯ ವಯಸ್ಸಾದವರು ಇನ್ನೂ ಇದ್ದರೇ ಎಂದು ಕೇಳಿದರು. ನಾನು ನೆನಪಿಸಿಕೊಂಡೆ. ಗಂಟಲಿನದು ಒಬ್ಬನಿಗೆ, ಗರ್ಭಕೋಶದ್ದು ಒಬ್ಬಾಕೆಗೆ, ನಾಲಗೆಯದು ಇನ್ನೊಬ್ಬನಿಗೆ. ಎಲ್ಲರೂ ಊರಿಗೆ ಹೋದರು ಎಂದೆ. ಡಾಕ್ಟರು ಮುಂದಿದ್ದ ರಿಜಿಸ್ಟರು ತೋರಿಸಿದರು. ಹಾಗೆ ಹೋದವರ ಹೆಸರಿನ ಮುಂದೆ ಇಲ್ಲಿ 'ಬರುವುದನ್ನು ನಿಲ್ಲಿಸಿದರು' ಎಂದಷ್ಟೇ ಬರೆಯುತ್ತೇವೆ, ಮುಂದೇನಾಯಿತೋ ನಮಗೆ ತಿಳಿಯುವುದಿಲ್ಲ ಎಂದರು.

ಊರಲ್ಲಿ ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. 'ವಯಸ್ಸಾಗಿತ್ತು, ಹೋದ' ಎನ್ನುತ್ತಿದ್ದರು.

ಈ ಕಾಯಿಲೆ ಈಗೀಗ ಹೆಚ್ಚಾಗಿದೆಯೇ ಎಂದು ನಾನೂ ಕೇಳಿದೆ. ಡಾಕ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೊದಲು ಕೂಲಿಗೆ ಬಂದವರೆಲ್ಲ ಹರೆಯದವರು. ಈಗ ಅವರಿಗೆ ವಯಸ್ಸಾಗಿದೆ. ವಯಸ್ಸಾದಂತೆ ಇದೂ ಬರುತ್ತದೆ ಎಂದರು. ನಿಜವಿತ್ತು. ನಾನು ಚಿಕ್ಕವಳಿದ್ದಾಗ ಕಟ್ಟಡದ ಸಾರುವೆಯಿಂದ ಬಿದ್ದು, ಜ್ವರ ಬಂದು, ಕುಡಿದು ಹೋದವರ ಸುದ್ದಿಯೇ ಹೆಚ್ಚು. ಅದೆಲ್ಲವನ್ನೂ ದಾಟಿ ಉಳಿದವರು ಇದಕ್ಕೆ ಸಿಕ್ಕಿದ್ದರು.

ನೋವಿಗೆಂದು ಡಾಕ್ಟರು ಕೊಟ್ಟದ್ದು ಮಾರ್ಫಿನ್ ಗುಳಿಗೆ. ಹೊರಗಿನ ಅಂಗಡಿಯಲ್ಲಿ ಇದು ಸಿಗದು, ನಿಲ್ಲಿಸಬೇಡಿ, ಮುಗಿಯುವ ಮೊದಲೇ ಬಂದು ಒಯ್ಯಿರಿ ಎಂದು ಎರಡು ಸಲ ಹೇಳಿದರು. ಆ ಗುಳಿಗೆ ನುಂಗಿ ದೊಡ್ಡವ್ವ ಬಹಳ ದಿನಗಳ ನಂತರ ನಿದ್ದೆ ಮಾಡಿದಳು.

ಊರಿನಿಂದ ಅಣ್ಣನ ಕಾಕಾನ ಫೋನು ಬಂತು. "ಉಸರಿದ್ದಾಗ ಕರಕೊಂಡ ಬಾ. ಹಡದಾಕಿನ್ನ ಸುಟ್ಟ ಬೂದಿ ಮಾಡ್ತಿ ಏನ?" ದೊಡ್ಡವ್ವನ ಮನಸ್ಸೂ ಅದೇ ಆಗಿತ್ತು. "ನನ್ನ ಸುಡಬ್ಯಾಡ್ರಿ ಯಪ್ಪಾ" ಎಂದು ಮಗನ ಕೈ ಹಿಡಿದುಕೊಂಡಳು. ನಾನು ಗುಳಿಗೆಯ ಮಾತು ಹೇಳಿದೆ. ಕೊಟ್ಟದ್ದು ಎರಡು ವಾರಕ್ಕೆ ಮಾತ್ರ ಎಂದೆ.

"ಎರಡ ವಾರ ಎಲ್ಲಿರ್ತಾಳ ತಂಗಿ ಅಕಿ?" ಎಂದ ಅಣ್ಣ. ಅವಳನ್ನು ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಮರುದಿನ ಅವನು ಅವಳನ್ನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದ, ನಾನು ಅಂಗಡಿಯ ಕೆಲಸಕ್ಕೆ ಉಳಿದೆ.

ಅವಳು ಇದ್ದಳು. ಮೂರನೆಯ ವಾರ ಅಣ್ಣ ಫೋನ್ ಮಾಡಿದ. ಗುಳಿಗೆ ಮುಗಿದಿತ್ತು. ತಾಲೂಕಿನ ಅಂಗಡಿಗಳಲ್ಲಿ ಕಾಗದ ತೋರಿಸಿದರೆ ಮುಖ ನೋಡಿ ವಾಪಸ್ ಕಳಿಸಿದ್ದರು. "ಲಗೂನ ಬಾ ತಂಗಿ" ಎಂದಷ್ಟೇ ಹೇಳಿದ. ಡಾಕ್ಟರಿಗೆ ವಿಷಯ ಹೇಳಿ ಮತ್ತೆ ಗುಳಿಗೆ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹೊರಟೆ.

ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಅವಳು ಗೋಡೆಯ ಪಕ್ಕ ಮಲಗಿದ್ದಳು. ಬಾಯಿ ತೆರೆಯಲಾಗದ್ದರಿಂದ ಸದ್ದು ಮೂಗಿನಿಂದ ಬರುತ್ತಿತ್ತು. ಹಿಮ್ಮಡಿಯಿಂದ ಗೋಡೆಗೆ ಬಡಿಯುತ್ತಿದ್ದಳು, ಒಂದೇ ಸಮನೆ. ಬಡಿದ ಜಾಗದಲ್ಲಿ ಗಿಲಾವು ಉದುರಿ ಕೆಳಗಿನ ಮಣ್ಣು ಕಾಣುತ್ತಿತ್ತು. ಹಿಮ್ಮಡಿಗೆ ಯಾರೋ ಅರಿವೆ ಸುತ್ತಿದ್ದರು. ಮನೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬೇರೆ ಮನೆಗೆ ಹೋಗಿದ್ದರು. ಅಣ್ಣ ಹೊಸ್ತಿಲ ಮೇಲೆ, ಒಳಗೂ ಅಲ್ಲ ಹೊರಗೂ ಅಲ್ಲ, ಕೂತಿದ್ದ.

ಗುಳಿಗೆಯನ್ನು ಅರೆದು ನೀರಲ್ಲಿ ಕಲಸಿ ಚಮಚದಿಂದ ಹಲ್ಲಿನ ಸಂದಿಗೆ ಬಿಟ್ಟೆ. ಬಹಳ ಹೊತ್ತಿನ ಮೇಲೆ ಕಾಲಿನ ಬಡಿತ ನಿಧಾನವಾಯಿತು, ಆಮೇಲೆ ನಿಂತಿತು.

ಸಂಜೆ ಎಚ್ಚರವಾದಾಗ ಹಲ್ಲು ಕಚ್ಚಿದ ಬಾಯಿಯಿಂದಲೇ ಒಂದೊಂದು ಮಾತು ಹೊರಡಿಸಿದಳು. "ಗ್ವಾಕ್ಕ ನಡೀರಿ."

"ಅವ್ವಾ, ಅಲ್ಲಿ ಸುಡ್ತಾರ" ಎಂದ ಅಣ್ಣ.

"ಸುಡ್ಲಿ. ಅಲ್ಲಿ ಸತ್ತ ಮ್ಯಾಲ ಸುಡ್ತಾರ. ಇಲ್ಲಿ ಈಗ ಸುಡಾಕತ್ತೇತಿ."

ಕಾಕಾ ಅಂಗಳದಲ್ಲಿ ನಿಂತು ಕೂಗಾಡಿದ. ಮಣ್ಣಿಗೆಂದು ಬಂದವಳನ್ನು ತಿರುಗಿ ಒಯ್ದ ಮಗನನ್ನು ಈ ಊರು ಕಂಡಿಲ್ಲ, ಇನ್ನು ಮೇಲೆ ನನ್ನ ಹೊಸ್ತಿಲು ತುಳಿಯಬೇಡ ಎಂದ. ಅಣ್ಣ ಹೋಗಿ ಒಂದು ಜೀಪು ಗೊತ್ತುಮಾಡಿ ಬಂದ. ಘಟ್ಟ ಇಳಿಯುವಾಗ ದೊಡ್ಡವ್ವನ ತಲೆ ನನ್ನ ತೊಡೆಯ ಮೇಲಿತ್ತು. ಎಲ್ಲರೂ ಹತ್ತಿ ಹೋಗುವ ದಾರಿಯಲ್ಲಿ ನಾವು ಅವಳನ್ನು ಇಳಿಸಿಕೊಂಡು ಬರುತ್ತಿದ್ದೆವು.

ಆಮೇಲೆ ಅವಳು ಕೆಲವು ವಾರ ಬದುಕಿದಳು. ಗುಳಿಗೆ ತಪ್ಪಲಿಲ್ಲ. ಗೌಂಡಿ ಮುದುಕ ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದ.

"ಏನ ಬೇ, ತಿರುಗಿ ಬಂದಿ? ಬಾಡಿಗಿ ದಂಡ ಆಗ್ತೈತಂತ ಬಂದಿ ಏನ?" ಎಂದು ಒಮ್ಮೆ ಕೇಳಿದ. ಅವಳು ಕಣ್ಣಲ್ಲೇ ನಕ್ಕಳು. ಅವನು ಎದ್ದು ಹೋಗಿ ನಳದ ಹತ್ತಿರ ಬಹಳ ಹೊತ್ತು ಮುಖ ತೊಳೆದ.

ಒಂದು ಮಧ್ಯಾಹ್ನ ನಿದ್ದೆಯಲ್ಲಿ ಉಸಿರು ನಿಂತಿತು. ನಾನು ಪಕ್ಕದಲ್ಲಿದ್ದೆ. ಅಣ್ಣ ಕೆಲಸಕ್ಕೆ ಹೋಗಿದ್ದ.

ಚಿತೆಯ ಹತ್ತಿರ ನಮಗೆ ಏನೂ ತಿಳಿಯುತ್ತಿರಲಿಲ್ಲ. ಯಾವ ಕಡೆಯಿಂದ ಸುತ್ತಬೇಕು, ಬೆಂಕಿ ಎಲ್ಲಿ ಇಡಬೇಕು ಎಂದು ಅಲ್ಲಿನ ಕೆಲಸದವನು ಕೊಂಕಣಿಯಲ್ಲಿ ಹೇಳುತ್ತಿದ್ದ, ನಾನು ಅಣ್ಣನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಎಲ್ಲ ಮುಗಿದ ಮೇಲೆ, ನಾಳೆ ಬನ್ನಿ ಎಂದ.

"ಯಾಕಂತ?" ಎಂದು ಅಣ್ಣ ನನ್ನನ್ನು ಕೇಳಿದ. ಅಸ್ಥಿ ಒಯ್ಯಲು ಎಂದೆ. ಸುಟ್ಟ ಮೇಲೂ ಮನೆಗೆ ತರುವಂಥದ್ದು ಏನಾದರೂ ಉಳಿದಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮುಂದೆ ಒಮ್ಮೆ ಪತ್ರಿಕೆಯಲ್ಲಿ, ವಯಸ್ಸಾದವರ ಕ್ಯಾನ್ಸರ್ ಸಾವು ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿದಿದೆ ಎಂದು ಗೆರೆ ಎಳೆದು ತೋರಿಸಿದ್ದನ್ನು ನೋಡಿದೆ. ಆ ಗೆರೆಯನ್ನು ಬಹಳ ಹೊತ್ತು ನೋಡಿದೆ. ದೊಡ್ಡವ್ವ ಅದರಲ್ಲಿ ಎಲ್ಲೋ ಇರಬಹುದು. ಬಸ್ಸು ಹತ್ತಿ ತಿರುಗಿ ಬಾರದವರು ಇರಲಾರರು. ಗೆರೆ ಏರಿದರೂ ಇಳಿದರೂ ಅವರನ್ನು ಮುಟ್ಟುವುದಿಲ್ಲ.

ಅಣ್ಣ ಇವತ್ತಿಗೂ ಊರಿಗೆ ಹೋಗುವುದಿಲ್ಲ. ಭೇಟಿಯಾದಾಗ ಒಂದು ಮಾತು ಕೇಳಿಯೇ ಕೇಳುತ್ತಾನೆ.

"ಅವತ್ತ ಅವ್ವಗ ನೋವು ಇರಲಿಲ್ಲಲ್ಲ ತಂಗಿ?"

"ಇರಲಿಲ್ಲಣ್ಣಾ. ನಿದ್ದ್ಯಾಗ ಹೋದ್ಲು."

ಅದು ನಿಜ. ಊರಿನಲ್ಲಿ ಕಳೆದ ಆ ಮೂರನೆಯ ವಾರದ ಬಗ್ಗೆ ಅವನು ಕೇಳುವುದಿಲ್ಲ. ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡವನು ಅವನೇ.