ತೊಟ್ಟಿಲಕ್ಕ ಬಚ್ಚಿಟ್ಟ ಹೆಜ್ಜೆ

ಬೀದಿಯವರೆಲ್ಲ ಆಕೆಯನ್ನು ತೊಟ್ಟಿಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಆಕೆಯ ಮನೆಯಲ್ಲಿ ತೊಟ್ಟಿಲೇನೂ ಇರಲಿಲ್ಲ. ಇದ್ದದ್ದು ಎರಡು ಕೋಣೆ, ನೆಲದ ಮೇಲೆ ದಪ್ಪ ಚಾಪೆ, ಗೋಡೆಯುದ್ದಕ್ಕೂ ದಿಂಬುಗಳು, ಮೂಲೆಯಲ್ಲೊಂದು ನೀಲಿ ಬಣ್ಣದ ನೀರಿನ ಡ್ರಮ್ಮು. ಕೆಲಸಕ್ಕೆ ಹೋಗುವ ಹೆಂಗಸರು ಬೆಳಿಗ್ಗೆ ತಮ್ಮ ಕೂಸುಗಳನ್ನು ಆಕೆಯ ಮಡಿಲಿಗೆ ಹಾಕಿ, ಸಂಜೆ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಹಿಂದೆ ಆಕೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ದಿನವಿಡೀ ನಿಂತು ನಿಂತು ಮಂಡಿ ಕೈಕೊಟ್ಟ ಮೇಲೆ ಆ ಕೆಲಸ ಬಿಟ್ಟಳು. ಪಕ್ಕದ ಮನೆಯವಳು ಆಸ್ಪತ್ರೆಗೆ ಹೋಗಿಬರುವಷ್ಟು ಹೊತ್ತು ಮಗುವನ್ನು ನೋಡಿಕೊಳ್ಳಿ ಎಂದು ಬಿಟ್ಟುಹೋದದ್ದೇ ನೆಪವಾಗಿ ಈ ಹೊಸ ಕಸುಬು ಶುರುವಾಗಿತ್ತು.

ಆಕೆಯ ಗಂಡ ಒಂದು ಗೋದಾಮಿನಲ್ಲಿ ರಾತ್ರಿ ಕಾವಲುಗಾರ. ಹಗಲೆಲ್ಲ ಒಳಕೋಣೆಯಲ್ಲಿ ಮಲಗಿರುತ್ತಿದ್ದ. ಮಕ್ಕಳು ಒಟ್ಟಿಗೆ ಅತ್ತರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ಎಲ್ಲವೂ ಸುಮ್ಮನಾದರೆ ಮಾತ್ರ ಏನೋ ಎಡವಟ್ಟಾಗಿದೆ ಎಂದು ಎದ್ದು ಕೂರುತ್ತಿದ್ದ.

ಆ ವರ್ಷ ಆಕೆಯ ಹತ್ತಿರ ಇದ್ದ ಮಕ್ಕಳಲ್ಲಿ ಎಲ್ಲಕ್ಕಿಂತ ಚಿಕ್ಕದು ಪುಟಾಣಿ. ಹೆಣ್ಣುಮಗು. ತಾಯಿ ಒಂದು ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಬೆಳಕು ಹರಿಯುವ ಮುಂಚೆಯೇ ಅಲ್ಲಿರಬೇಕಾಗಿತ್ತು. ತಂದೆ ಲಿಫ್ಟ್ ರಿಪೇರಿ ಮಾಡುವವನು. ಯಾವ ಹೊತ್ತಿಗೆ ಎಲ್ಲಿಂದ ಕರೆ ಬರುತ್ತದೋ ಹೇಳುವ ಹಾಗಿರಲಿಲ್ಲ. ಹೀಗಾಗಿ ಪುಟಾಣಿ ನಿದ್ದೆಗಣ್ಣಿನಲ್ಲೇ ಬಂದು, ತೊಟ್ಟಿಲಕ್ಕನ ಹೆಗಲ ಮೇಲೆಯೇ ಎಚ್ಚರಗೊಳ್ಳುತ್ತಿತ್ತು.

ಪುಟಾಣಿಗೆ ಇನ್ನೇನು ವರ್ಷ ತುಂಬಬೇಕು ಎನ್ನುವಾಗ ಅದು ನಡೆಯಿತು. ಮಧ್ಯಾಹ್ನ, ಉಳಿದ ಮಕ್ಕಳು ಮಲಗಿದ್ದವು. ಡ್ರಮ್ಮು ಹಿಡಿದು ನಿಂತಿದ್ದ ಮಗು ಕೈ ಬಿಟ್ಟಿತು. ಒಮ್ಮೆ ತೂಗಾಡಿತು. ಆಮೇಲೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ ಚಾಪೆ ದಾಟಿ ಬಂದು ತೊಟ್ಟಿಲಕ್ಕನ ಮಡಿಲಿಗೆ ಬಿದ್ದು, ತಾನೇ ಬೆರಗಾದಂತೆ ಮುಖ ಎತ್ತಿ ನೋಡಿತು.

ಆಕೆ ಹಿಗ್ಗಬೇಕಾಗಿತ್ತು. ಆದರೆ ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ನೋಡಿದಳು.

ಅದಕ್ಕೊಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಂದು ಗಂಡುಮಗುವನ್ನು ಆಕೆ ಹೀಗೆಯೇ ಸಾಕಿದ್ದಳು. ಅದು ಮೊದಲು ನಡೆದದ್ದೂ ಆಕೆಯ ಮನೆಯಲ್ಲೇ. ಸಂಜೆ ಅದರ ತಾಯಿ ಬರುತ್ತಲೇ ತೊಟ್ಟಿಲಕ್ಕ ಬೀದಿಗೆಲ್ಲ ಕೇಳುವ ಹಾಗೆ ಆ ಸುದ್ದಿ ಹೇಳಿದ್ದಳು, ಮಗುವನ್ನು ನಡೆಸಿಯೂ ತೋರಿಸಿದ್ದಳು. ಆ ತಾಯಿ ಕೈಚಾಚಿ ಕರೆದರೆ ಮಗು ತಿರುಗಿ ತೊಟ್ಟಿಲಕ್ಕನ ಸೆರಗು ಹಿಡಿದುಕೊಂಡಿತು. ತಾಯಿಯ ಮುಖ ಹುಳ್ಳಗಾಯಿತು. ಮಗುವನ್ನು ಎತ್ತಿಕೊಂಡು ಹೋದಳು. ಮಾರನೆಯ ದಿನದಿಂದ ಮಗು ಬರಲಿಲ್ಲ. ಆಮೇಲೆ ಒಮ್ಮೆ ಔಷಧಿ ಅಂಗಡಿಯ ಮುಂದೆ ಅದನ್ನು ಕಂಡು ಕರೆದಾಗ, ಯಾರೋ ಎಂದು ಅದು ತಾಯಿಯ ಹಿಂದೆ ಅಡಗಿಕೊಂಡಿತು. ಆ ನೋವು ಆಕೆಗೆ ಆರಿರಲಿಲ್ಲ.

ಹಾಗಾಗಿ ಆ ಸಂಜೆ ಪುಟಾಣಿಯ ತಾಯಿ, ಆ ಲ್ಯಾಬಿನ ಹುಡುಗಿ, ಎಂದಿನಂತೆ ಬಾಗಿಲಲ್ಲಿ ನಿಂತು, ಇವತ್ತೇನು ಮಾಡಿದಳು ಎಂದು ಕೇಳಿದಾಗ ತೊಟ್ಟಿಲಕ್ಕ, ಉಂಡಳು, ಮಲಗಿದಳು ಎಂದಷ್ಟೇ ಹೇಳಿದಳು. ನಡೆಯಲು ಕಲಿತ ಮಗು ಮನೆಯಲ್ಲೂ ನಡೆದೇ ನಡೆಯುತ್ತದೆ; ಹೆತ್ತವಳು ತಾನೇ ಮೊದಲು ನೋಡಿದೆ ಎಂದುಕೊಳ್ಳಲಿ, ಯಾರ ಗಂಟೇನು ಹೋಗುತ್ತದೆ ಎಂಬುದು ಆಕೆಯ ಲೆಕ್ಕ.

ಆದರೆ ಮಗು ಮನೆಯಲ್ಲಿ ನಡೆಯಲಿಲ್ಲ. ಅಲ್ಲಿಯ ನುಣ್ಣನೆಯ ಟೈಲ್ಸ್ ನೆಲಕ್ಕೆ ಹೆದರಿತೋ, ಸಂಜೆಯ ಹೊತ್ತಿಗೆ ದಣಿದಿರುತ್ತಿತ್ತೋ, ಅಂಬೆಗಾಲಲ್ಲೇ ಓಡಾಡಿಕೊಂಡಿತ್ತು. ಇತ್ತ ತೊಟ್ಟಿಲಕ್ಕ, ಇನ್ನೊಮ್ಮೆ ಇಲ್ಲೇ ನಡೆದು ಯಾರಾದರೂ ನೋಡಿಬಿಟ್ಟರೆ ಎಂದು ಪುಟಾಣಿ ಎದ್ದು ನಿಂತಾಗಲೆಲ್ಲ ಎತ್ತಿ ಸೊಂಟಕ್ಕೇರಿಸಿಕೊಳ್ಳತೊಡಗಿದಳು. ಮಗು ಕೊಸರಾಡುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದೇ ಇನ್ನೊಂದು ಮಗುವಿಗೆ ಉಣಿಸುವಳು, ನೆಲ ಒರೆಸುವಳು. ಮಂಡಿಯ ನೋವಿಗೆ ಸೊಂಟದ ನೋವು ಜೊತೆಯಾಯಿತು.

ಇದನ್ನು ಕಂಡ ಗಂಡ ಒಂದು ಮಧ್ಯಾಹ್ನ ಎದ್ದು ಬಂದು ಕೇಳಿದ. ಆಕೆ ಎಲ್ಲವನ್ನೂ ಹೇಳಿದಳು. ಅವನು ತಲೆ ಕೆರೆದುಕೊಂಡ.

"ನಡೆಯೋ ಕಾಲನ್ನ ಕಟ್ಟಿ ಹಾಕ್ತಿದೀಯಲ್ಲೇ," ಎಂದ. "ಮಗೂಗೆ ಏನಾದ್ರೂ ಆದ್ರೆ?"

ಆ ಮಾತು ಆಕೆಗೆ ನಾಟಿತು. ಆದರೂ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಆ ದಿನವೇ ಹೇಳಿದ್ದರೆ ಅದು ಸಂತೋಷದ ಸುದ್ದಿ. ಈಗ ಹೇಳಿದರೆ ಕಳ್ಳತನ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು.

ಅತ್ತ ಲ್ಯಾಬಿನ ಹುಡುಗಿ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ಹುಟ್ಟುಹಬ್ಬಕ್ಕೆ ಬರಲಿದ್ದ ಅವಳ ಅತ್ತೆ ಫೋನಿನಲ್ಲಿ ದಿನವೂ ಒಂದೇ ಮಾತು ಕೇಳುತ್ತಿದ್ದರಂತೆ: ನಿಂತಳಾ, ನಡೆದಳಾ? ನನ್ನ ಮಗ ವರ್ಷ ತುಂಬುವ ಮುಂಚೆ ಓಡುತ್ತಿದ್ದ. ಬೇರೆಯವರು ಹೇಳಿದ್ದರೆ ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳೇನೋ. ಆದರೆ ಅವಳ ಕೆಲಸವೇ ಅಂಥದ್ದು. ಕಾಲಲ್ಲಿ ಬಲವಿಲ್ಲದ ಮಕ್ಕಳು, ಕತ್ತು ನಿಲ್ಲದ ಮಕ್ಕಳು, ಸೂಜಿ ಕಂಡು ಅಳುವುದಕ್ಕೂ ತ್ರಾಣವಿಲ್ಲದ ಮಕ್ಕಳು ಅವಳ ಮೇಜಿನ ಮುಂದೆ ಬಂದು ಹೋಗುತ್ತಿದ್ದವು. ಅವನ್ನು ನೋಡಿ ಬಂದ ಕಣ್ಣಿಗೆ ತನ್ನ ಮಗುವಿನ ಮೊಣಕಾಲೂ ಮೆತ್ತಗೆ ಕಾಣುತ್ತಿತ್ತು.

ಹುಟ್ಟುಹಬ್ಬ ಭಾನುವಾರ ಸಂಜೆ. ತೊಟ್ಟಿಲಕ್ಕನಿಗೆ ಹೋಗಲು ಮನಸ್ಸಿರಲಿಲ್ಲ. ಹೋಗದಿದ್ದರೆ ಅನುಮಾನ, ಹೋದರೆ ಭಯ. ಕೊನೆಗೆ ಗಂಡನೇ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಒಂದು ಜೊತೆ ಪುಟ್ಟ ಕಾಲುಚೀಲ ಕೊಂಡು, ಅದನ್ನೇ ಕೈಯಲ್ಲಿ ಹಿಸುಕುತ್ತ ಆಕೆ ಹಿಂದೆ ಹೊರಟಳು.

ಪುಟಾಣಿಯ ಅಪ್ಪ ಅಮ್ಮನ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ಊರೆಲ್ಲ ಲಿಫ್ಟ್ ರಿಪೇರಿ ಮಾಡುವವನ ಮನೆಗೆ ಮೆಟ್ಟಿಲೇ ಗತಿ ಎಂದು ಅವನ ಜೊತೆ ಕೆಲಸದವರು ಏದುಸಿರು ಬಿಡುತ್ತ ನಗುತ್ತಿದ್ದರು. ಅವನು ಸೈಕಲ್ ಪಂಪಿನಿಂದ ಬಲೂನು ಊದುತ್ತಿದ್ದ. ಲ್ಯಾಬಿನಿಂದ ಬಂದ ಹುಡುಗಿಯರು ಗೋಡೆಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಮೇಜಿನ ಮೇಲೆ ಗುಲಾಬಿ ಬಣ್ಣದ ಕೇಕು, ಅದರ ನಡುವೆ ಒಂದೇ ಮೇಣದಬತ್ತಿ. ಪುಟಾಣಿ ಹೊಸ ಫ್ರಾಕಿನಲ್ಲಿ ಅಜ್ಜಿಯ ತೊಡೆಯ ಮೇಲೆ ಬೆವರುತ್ತ ಕೂತಿತ್ತು. ತೊಟ್ಟಿಲಕ್ಕನನ್ನು ಕಂಡದ್ದೇ ಎರಡೂ ಕೈ ಚಾಚಿ ಕುಣಿಯಿತು.

ಆಕೆ ಅದನ್ನು ಕಾಣದವಳಂತೆ ನೇರ ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ ಟೀ ಲೋಟ ತೊಳೆಯತೊಡಗಿದಳು. ಹಜಾರದಿಂದ ಮಗುವಿನ ಅಳು ಕೇಳಿತು. ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು.

ಅಷ್ಟರಲ್ಲಿ ಅಜ್ಜಿಯ ಮಾತು ಅಡುಗೆಮನೆಯವರೆಗೂ ಬಂತು. ಯಾರೋ ಮಗುವನ್ನು ನಡೆಸಲು ನೋಡಿರಬೇಕು. ಅದಿನ್ನೂ ನಡೆಯುವುದಿಲ್ಲ, ಕಾಲಲ್ಲಿ ಶಕ್ತಿಯೇ ಇಲ್ಲ, ದಿನವಿಡೀ ಬೇರೆಯವರ ಕೈಯಲ್ಲಿ ಬಿಟ್ಟರೆ ಇನ್ನೇನಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಬಲೂನು ಊದುವ ಪಂಪಿನ ಸದ್ದು ನಿಂತಿತ್ತು.

ಸ್ವಲ್ಪ ಹೊತ್ತಿಗೆ ಲ್ಯಾಬಿನ ಹುಡುಗಿ ಚಾಕು ಹುಡುಕಿಕೊಂಡು ಒಳಗೆ ಬಂದಳು. ಚಾಕು ಕಣ್ಣೆದುರಿಗೇ ಇದ್ದರೂ ಡಬ್ಬಿಗಳ ಹಿಂದೆ ತಡಕಾಡಿದಳು. ಆಮೇಲೆ ತಿರುಗದೆಯೇ ಹೇಳಿದಳು:

"ನಾಳೆ ಡಾಕ್ಟರ್ ಹತ್ರ ಹೋಗ್ತಿದೀವಿ ಅಕ್ಕ. ರಕ್ತ ಪರೀಕ್ಷೆ ಬರೀತಾರೆ, ನಂಗೊತ್ತು. ನಮ್ಮ ಲ್ಯಾಬಿಗೇ ಬರುತ್ತೆ. ನನ್ನ ಕೈಯಲ್ಲೇ ತೆಗೀಬೇಕೋ ಏನೋ."

ತೊಟ್ಟಿಲಕ್ಕ ನಲ್ಲಿ ನಿಲ್ಲಿಸಿದಳು.

"ನಡೀತದೆ ಕಣಮ್ಮ," ಎಂದಳು. "ನಡೆದಿದೆ. ನಮ್ಮನೇಲಿ, ಡ್ರಮ್ಮಿಂದ ನನ್ನ ಹತ್ರಕ್ಕೆ. ನಾನೇ ಹೇಳ್ಲಿಲ್ಲ."

ಹುಡುಗಿ ತಿರುಗಿದಳು.

ತೊಟ್ಟಿಲಕ್ಕ ತಡವರಿಸುತ್ತ ಉಳಿದದ್ದನ್ನೂ ಹೇಳಿದಳು. ಬಿಟ್ಟುಹೋದ ಆ ಗಂಡುಮಗುವಿನ ವಿಷಯ, ತಾಯಿಯ ಕಣ್ಣಿಗೇ ಮೊದಲು ಬೀಳಲಿ ಎಂದುಕೊಂಡದ್ದು, ಆಮೇಲೆ ಕೆಳಗೇ ಬಿಡದೆ ಹೊತ್ತುಕೊಂಡು ತಿರುಗಿದ್ದು. ತನ್ನ ಕಿವಿಗೇ ಅದು ನೆಪದಂತೆ ಕೇಳಿಸಿತು.

"ಯಾವತ್ತು?"

"ಹೋದ ವಾರಕ್ಕೂ ಮುಂಚೆ."

"ಆವತ್ತೇ ಹೇಳಿದ್ದಿದ್ರೆ, ಮೊದಲ ಹೆಜ್ಜೆ ನಾನು ನೋಡ್ಲಿಲ್ಲ ಅಂತ ಬೇಜಾರಾಗ್ತಿತ್ತು, ಹೌದು," ಎಂದಳು ಹುಡುಗಿ. ದನಿ ಏರಲಿಲ್ಲ. "ಒಂದು ರಾತ್ರಿ ಅತ್ತು ಸುಮ್ಮನಾಗ್ತಿದ್ದೆ. ನಾನು ಇಷ್ಟು ದಿನದಿಂದ ನಿದ್ದೆ ಮಾಡಿಲ್ಲ ಅಕ್ಕ. ದಿನಾ ಸಂಜೆ ನಿಮ್ಮನ್ನೇ ಕೇಳ್ತಿದ್ದೆನಲ್ಲ."

ಹಜಾರದಿಂದ ಯಾರೋ ಚಾಕು ಎಲ್ಲಿ ಎಂದು ಕೂಗಿದರು. ಅವಳು ಚಾಕು ತೆಗೆದುಕೊಂಡು ಹೊರಗೆ ಹೋದಳು.

ಕೇಕು ಕತ್ತರಿಸಿದ್ದಾಯಿತು, ಚಪ್ಪಾಳೆಯಾಯಿತು. ಆಮೇಲೆ ಹುಡುಗಿ ಪುಟಾಣಿಯನ್ನು ಹಜಾರದ ನಡುವೆ ಇಳಿಸಿ, ಅಷ್ಟು ದೂರ ಕೂತು ಕೈಚಾಚಿದಳು. ಎಲ್ಲರೂ ಸುತ್ತ ನಿಂತರು. ಅಡುಗೆಮನೆಯ ಬಾಗಿಲಿಗೆ ತೊಟ್ಟಿಲಕ್ಕನೂ ಬಂದು ನಿಂತಳು. ಮಗು ನಿಂತಿತು, ಜನರನ್ನೆಲ್ಲ ನೋಡಿತು, ಪಟ್ಟನೆ ಕುಳಿತು ಬಲೂನಿನ ಕಡೆಗೆ ಅಂಬೆಗಾಲಲ್ಲಿ ಹೋಯಿತು. ಒಬ್ಬಿಬ್ಬರು ನಕ್ಕರು. ಅಜ್ಜಿ ಲೊಚಗುಟ್ಟಿದರು.

"ನಡೆದಿದಾಳೆ ಅತ್ತೆ," ಎಂದಳು ಹುಡುಗಿ ನೆಲದ ಮೇಲಿಂದಲೇ. "ಅಕ್ಕ ನೋಡಿದಾರೆ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ತೊಟ್ಟಿಲಕ್ಕನಿಗೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಹೌದೇನಮ್ಮ ಎಂದು ಕೇಳಿದರು. ಹೌದು, ಚಾಪೆಯ ಈ ತುದಿಯಿಂದ ಆ ತುದಿಗೆ, ನನ್ನ ಕಣ್ಣಾರೆ ಎಂದಳು ಆಕೆ. ಹಾಗಾದರೆ ಹೇಳಲು ಏನಾಗಿತ್ತು ಎಂದು ಅವರು ಗದರುತ್ತಾರೆ ಎಂದು ಕಾದಳು. ಅಜ್ಜಿ ಗದರಲಿಲ್ಲ, ಕುರ್ಚಿಗೆ ಕುಸಿದು, ಸೆರಗಿನಿಂದ ಕತ್ತು ಒರೆಸಿಕೊಂಡರು. ತಮ್ಮ ತಂಗಿಯ ಮೊಮ್ಮಗು ಹೀಗೇ ನಡೆಯದೆ ಉಳಿಯಿತು, ಅದೇ ಕಣ್ಣಿಗೆ ಕಟ್ಟಿತ್ತು ಎಂದು ಪಕ್ಕದವರಿಗೆ ಮೆಲ್ಲಗೆ ಹೇಳಿದರು. ಅಷ್ಟು ದಿನ ಸೊಸೆಗೂ ಅದನ್ನು ಹೇಳಿರಲಿಲ್ಲವಂತೆ.

ತೊಟ್ಟಿಲಕ್ಕ ಕೇಕು ಮುಟ್ಟದೆ ಮೆಟ್ಟಿಲಿಳಿದಳು. ಗಂಡ ತನ್ನ ಪಾಲನ್ನು ಮುಗಿಸಿ ಆಕೆಯ ಪಾಲನ್ನು ಕಾಗದದಲ್ಲಿ ಸುತ್ತಿಕೊಂಡು ಹಿಂದೆ ಬಂದ.

ಸೋಮವಾರ ಬೆಳಿಗ್ಗೆ ಉಳಿದ ಮಕ್ಕಳು ಬಂದವು. ಪುಟಾಣಿ ಬರಲಿಲ್ಲ. ಆಕೆ ಬಾಗಿಲು ತೆರೆದೇ ಇಟ್ಟಳು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕತ್ತು ಚಾಚಿದಳು. ಮಗುವಿನ ಒಣಗಿದ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ಹಾಕಿಟ್ಟಳು. ಯಾರಾದರೂ ಕೇಳಿಕೊಂಡು ಬಂದರೆ ಕೊಡಬಹುದು ಎಂದು.

ಮಧ್ಯಾಹ್ನ ಕಳೆದ ಮೇಲೆ ಲ್ಯಾಬಿನ ಹುಡುಗಿ ಮಗುವನ್ನೆತ್ತಿಕೊಂಡು ಬಂದಳು. ರಜೆ ಹಾಕಿದ್ದಳಂತೆ. ಡಾಕ್ಟರು ಕಾಲು ಮಡಿಸಿ, ಬಿಡಿಸಿ, ನಿಲ್ಲಿಸಿ ನೋಡಿ, ಏನೂ ತೊಂದರೆಯಿಲ್ಲ, ರಕ್ತವೂ ಬೇಡ, ಎತ್ತಿಕೊಳ್ಳುವುದನ್ನು ಕಡಿಮೆ ಮಾಡಿ ಎಂದರಂತೆ. ಇಷ್ಟನ್ನು ಹೇಳಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಾಗಿಲ ಹತ್ತಿರ ಇದ್ದ ಚೀಲವನ್ನೂ ನೋಡಿದಳು.

"ಸಂಜೆವರೆಗೂ ಇಲ್ಲೇ ಇರ್ತೀನಿ," ಎಂದಳು. "ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ ಅಕ್ಕ."

ಗೋಡೆಗೊರಗಿ ಕೂತಳು. ತೊಟ್ಟಿಲಕ್ಕ ಒಂದು ಮಗುವಿನ ಮೂಗು ಒರೆಸಿದಳು, ಇನ್ನೊಂದರ ಚಡ್ಡಿ ಬದಲಿಸಿದಳು. ಪುಟಾಣಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮಗು ಕಿಟಕಿಯ ಕೆಳಗೆ ಎದ್ದು ನಿಂತಿತು. ಯಾರೂ ಕರೆಯಲಿಲ್ಲ. ಅದು ಕೈ ಬಿಟ್ಟು, ಇಬ್ಬರು ಹೆಂಗಸರನ್ನೂ ದಾಟಿಕೊಂಡು, ಮಲಗಿದ್ದ ಮಗುವಿನ ಕೈಯಲ್ಲಿದ್ದ ಬಿಸ್ಕತ್ತಿನ ಕಡೆಗೆ ನಡೆದುಹೋಯಿತು. ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ಕೂತೇ ಇದ್ದಳು. ಸದ್ದಿಲ್ಲದೆ ಅತ್ತಳು, ಆಮೇಲೆ ಮೂಗೊರೆಸಿಕೊಂಡು ನಕ್ಕಳು.

ಹೊರಡುವಾಗ ಅವಳು ಚೀಲ ಮುಟ್ಟಲಿಲ್ಲ. ಇನ್ನು ಮುಂದೆ ಏನೇ ಆದರೂ ಆವತ್ತಿನದು ಆವತ್ತೇ ಹೇಳಬೇಕು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಎಂದಳು. ತೊಟ್ಟಿಲಕ್ಕ ತಲೆಯಾಡಿಸಿದಳು.

ಪುಟಾಣಿ ಶಾಲೆಗೆ ಸೇರುವವರೆಗೂ ಆ ಮನೆಗೇ ಬಂತು. ಸಂಜೆಯಾದರೆ ತೊಟ್ಟಿಲಕ್ಕ ಬಾಗಿಲಲ್ಲೇ ಶುರು ಮಾಡುತ್ತಿದ್ದಳು: ಎಷ್ಟು ಸಲ ಸೀನಿತು, ಯಾರನ್ನು ಕಚ್ಚಿತು, ಬಿದ್ದು ಎಷ್ಟು ಹೊತ್ತು ಅತ್ತಿತು, ಕನಸಿನಲ್ಲಿ ನಕ್ಕಿತೋ ಇಲ್ಲವೋ. ದಣಿದ ಹುಡುಗಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಬೀದಿಯಲ್ಲಿಟ್ಟು ಕೇಳುವಷ್ಟು ಕೇಳಿ, "ಸಾಕು ಅಕ್ಕ, ಬಸ್ಸು ಹೋಗುತ್ತೆ," ಎನ್ನುತ್ತಿದ್ದಳು.