ತಿಳಿಯಾದ ನ್ಯಾನೋ

ಹಿರಿಯೂರಿನಲ್ಲಿ ಸ್ಟೀಲ್ ತಟ್ಟೆ ಒತ್ತುವ ಶೆಡ್ ನಡೆಸುತ್ತಿದ್ದ ಸಾಹುಕಾರರೊಬ್ಬರಿಗೆ, ತಟ್ಟೆಗೆ ಆಕಾರ ಕೊಡುವ ಡೈಗಳನ್ನು ನಾನು ಮಾಡಿಕೊಡುತ್ತಿದ್ದೆ. ಮೊದಲು ಅವರದು ಧರ್ಮಪುರದಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಹಾಗಾಗಿ ಯಾವ ಎಣ್ಣೆ ಬಂದರೂ ಗಾಜಿನ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. “ಎಣ್ಣೆ ಅಂದ್ರೆ ತಿಳಿ ಇರ್ಬೇಕು ಕಣಪ್ಪ” ಎನ್ನುವರು.

ಒತ್ತುವಾಗ ತಟ್ಟೆಗಳ ಅಂಚು ಸೀಳುತ್ತಿತ್ತು. ತಪ್ಪು ನನ್ನ ಡೈಯದೇ ಎಂದು ಅವರ ತೀರ್ಮಾನ. ನ್ಯಾನೋ ಎಂಬ ಮಾತು ಆಗಷ್ಟೇ ನಮ್ಮ ಕಡೆ ಬಂದಿತ್ತು. ಒತ್ತುವ ಮುಂಚೆ ತಗಡಿಗೆ ಸವರಲೆಂದು ಏಜೆಂಟನೊಬ್ಬ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಬೆರೆಸಿದ ಎಣ್ಣೆ ತಂದ. ಆ ಪುಡಿ ಡೈಗೂ ತಗಡಿಗೂ ನಡುವೆ ನಿಂತು ಉಜ್ಜಾಟ ತಪ್ಪಿಸುತ್ತದೆ, ಅಂಚು ಸೀಳುವುದಿಲ್ಲ, ಡಬ್ಬ ಚೆನ್ನಾಗಿ ಅಲ್ಲಾಡಿಸಿ ಬಳಸಿ ಎಂದು ಹೇಳಿ ಹೋದ.

ತಿಂಗಳ ಮೇಲೆ ಏಜೆಂಟ್ ಮತ್ತೆ ಬಂದಾಗ ನಾನೂ ಶೆಡ್ಡಿನಲ್ಲಿದ್ದೆ. ನೋಡಿದರೆ ತಟ್ಟೆ ಸೀಳುವುದು ನಿಂತಿರಲಿಲ್ಲ.

“ಅಲ್ಲಾಡಿಸಿದ್ರಾ ಸಾರ್?”

“ಎಣ್ಣೇನ ಯಾರಾದ್ರೂ ಅಲ್ಲಾಡಿಸ್ತಾರೇನ್ರಿ? ವಾರ ಮುಟ್ಟದಂಗೆ ಇಟ್ಟು ಮೇಲಿನ ತಿಳಿ ಬಳಸಿದೀವಿ. ತಳದಾಗೆ ಕರೀ ಮಡ್ಡಿ ಕುಂತಿತ್ತು, ಚರಂಡಿಗೆ ಚೆಲ್ಲಿಸ್ದೆ.”

“ಆ ಮಡ್ಡೀನೇ ನ್ಯಾನೋ ಸಾರ್.”

ಸಾಹುಕಾರರು ಅವನನ್ನು ಕನಿಕರದಿಂದ ನೋಡಿದರು. “ಎಣ್ಣೆ ವಿಷ್ಯ ನನಗೆ ಹೇಳ್ಕೊಡ್ತೀರೇನ್ರಿ? ಮುಂದಿನ ಸಲ ಮಡ್ಡಿ ತೆಗ್ದು ಕಳಿಸ್ರಿ.”

ಏಜೆಂಟ್ ಒಂದು ಗಳಿಗೆ ಯೋಚಿಸಿ ಆಗಲಿ ಎಂದು ತಲೆಯಾಡಿಸಿದ. ಮುಂದಿನ ಡಬ್ಬ ಅದೇ ಬೆಲೆಗೆ ಬಂತು. ಮೇಲೆ ‘ಸೂಪರ್ ನ್ಯಾನೋ’ ಎಂಬ ಚೀಟಿ, ಒಳಗೆ ಪುಡಿಯ ಸುಳಿವೂ ಇಲ್ಲದ ಬರೀ ಎಣ್ಣೆ. ಸಾಹುಕಾರರು ಲೋಟವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಮುಖ ಅರಳಿತು.

“ನ್ಯಾನೋ ಅಂದ್ರೆ ಇದು” ಎಂದು ನನ್ನ ಕಡೆ ತಿರುಗಿದರು. “ಇನ್ನು ನಿನ್ ಡೈ ಒಂದು ಸರಿ ಮಾಡ್ಕಂಡ್ ಬಾರಪ್ಪ.”