ತಾಡಪತ್ರಿಯ ಗಂಟು

ಸ್ನೇಹಿತರೇ, ನನ್ನ ಕಾರಿನ ಹತ್ತಿರ ಯಾರೋ ಸುಳಿದಾಡುತ್ತಾರೆ ಎಂದರೆ ನೀವು ನಗುತ್ತಿದ್ದಿರಲ್ಲ, ಕೇಳಿ. ಅಂಧೇರಿಯ ಮಳೆಗೆ ಹೆದರಿ ಫಿಯೆಟ್‌ಗೆ ತಾಡಪತ್ರಿ ಹೊದಿಸಿದ್ದೇನೆ. ಸಂಜೆ ನಾನು ಹಾಕುವ ಗಂಟೇ ಬೇರೆ, ಬೆಳಿಗ್ಗೆ ಕಾಣುವ ಗಂಟೇ ಬೇರೆ. ಇವತ್ತು ಬಿಲ್ಡಿಂಗಿನ ಸೆಕ್ರೆಟರಿ ಶೆಟ್ಟರಿಗೆ ಹೇಳಿದೆ.

"ಗಾಳಿಗೆ ಬಿಚ್ಚಿರ್ಬೇಕು ರಾಯರೇ."

"ಗಾಳಿ ಮತ್ತೆ ಗಂಟು ಹಾಕ್ತದಾ?"

"ಹಾಗಾದ್ರೆ ಸ್ಮಗ್ಲರ್‌ಗಳದ್ದೇ ಕೆಲಸ. ಈಗ ಯಾರನ್ನೂ ನಂಬ್ಲಿಕ್ಕಿಲ್ಲ ಮಾರಾಯ್ರೆ."

ಅವರೆದುರೇ ತಾಡಪತ್ರಿ ಎತ್ತಿದೆ. ಕಾರಿನಡಿಯಲ್ಲಿ ಇದ್ದಿಲಿನ ಎರಡು ಚೀಲ, ಒಂದು ಹನಿ ನೀರೂ ತಾಗಿರಲಿಲ್ಲ.

"ಪಾಪ, ಯಾರದ್ದೋ ಏನೋ. ಒದ್ದೆಯಾದ್ರೆ ಅವರ ಒಲೆ ಹತ್ತೂದಿಲ್ಲ," ಎನ್ನುತ್ತ ಶೆಟ್ಟರು ತಾವೇ ಬಗ್ಗಿ, ತಾಡಪತ್ರಿ ಎಳೆದು ಹಗ್ಗ ಬಿಗಿದರು.

ದಿನಾ ಬೆಳಿಗ್ಗೆ ನಾನು ಕಾಣುವ ಅದೇ ಗಂಟು! ಯಾರನ್ನೂ ನಂಬಬಾರದೆಂದು ಅವರು ಹೇಳಿದ್ದು ಮಾತ್ರ ನಿಜ.